ಬ್ಯಾಂಡಿನವನು ಊದಿದ ಹಸೆಯ ಹಾಡು

ಕಳೆದ ಚಳಿಗಾಲದಲ್ಲಿ ಮಾಟುಂಗದ ನಮ್ಮ ಕನ್ನಡ ಸಂಘದವರು ಸ್ಯಾಕ್ಸೊಫೋನ್ ಕಚೇರಿ ಇಟ್ಟುಕೊಂಡಿದ್ದರು. ಕಲಾವಿದರಿಗೆ ಶಾಲು ಹೊದಿಸಲು ಹಿರಿಯರೊಬ್ಬರು ಬೇಕು ಎಂದು ನನ್ನನ್ನು ಕರೆದರು. ಎಪ್ಪತ್ತೈದು ದಾಟಿದ ಮೇಲೆ ನನಗೆ ಇಂಥ ಕೆಲಸಗಳಲ್ಲಿ ಬಹಳ ಬೇಡಿಕೆ. ದೀಪ ಹಚ್ಚಬೇಕು, ಶಾಲು ಹೊದಿಸಬೇಕು, ಆಮೇಲೆ ಮೊದಲ ಸಾಲಿನಲ್ಲಿ ಕುಳಿತು ತೂಕಡಿಸಿದರೂ ಯಾರೂ ಏನೂ ಅನ್ನುವುದಿಲ್ಲ.

ಕಲಾವಿದ ಉಡುಪಿ ಕಡೆಯ ಹುಡುಗ. ಮೂವತ್ತು ವರ್ಷ ಇರಬಹುದು. ಜರಿ ಪಂಚೆ, ಹಣೆಗೆ ಕುಂಕುಮ. ನನ್ನ ಕಾಲಿಗೆ ಬಿದ್ದು, ನನ್ನ ಎದುರೇ ಪೆಟ್ಟಿಗೆ ತೆರೆದ. ಬಾಯಿಗೆ ಇಟ್ಟುಕೊಳ್ಳುವ ತೆಳ್ಳನೆಯ ರೀಡನ್ನು ತೆಗೆದು ತುಟಿಯ ನಡುವೆ ಇಟ್ಟು ನೆನೆಸಿದ. ಆ ಪೆಟ್ಟಿಗೆಯಿಂದ ಒಂದು ವಾಸನೆ ಬಂತು. ಮುಚ್ಚಿಟ್ಟ ಮಖಮಲ್ಲು, ಒದ್ದೆ ಬಟ್ಟೆ, ಎಂಜಲು. ಓದುವವರಿಗೆ ಅಸಹ್ಯವಾಗಬಹುದು, ಆದರೆ ಅದು ನನ್ನ ಪದ್ದು ಮಾವನ ವಾಸನೆ. ಶಾಲು ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಸಂಘದ ಕಾರ್ಯದರ್ಶಿ "ಅಮ್ಮ, ಹೊದಿಸಿ, ಫೋಟೋದವರು ಕಾಯ್ತಿದ್ದಾರೆ" ಎಂದು ಮೆಲ್ಲಗೆ ಹೇಳಬೇಕಾಯಿತು.

ಪದ್ದು ಮಾವ ಎಂದರೆ ನನ್ನ ಅಮ್ಮನ ತಮ್ಮ, ಪದ್ಮನಾಭ. ನನಗಿಂತ ಎಂಟೇ ವರ್ಷ ದೊಡ್ಡವನು. ಅಜ್ಜಿ ತೀರಿಕೊಂಡಾಗ ಅವನಿಗೆ ಹತ್ತು ವರ್ಷ. ಅಮ್ಮ ಅವನನ್ನು ಊರಿನಿಂದ ಬೊಂಬಾಯಿಗೆ ಕರೆತಂದು ನನ್ನ ಜೊತೆಗೇ ಸಾಕಿದಳು. ಹಾಗಾಗಿ ಅವನು ನನಗೆ ಮಾವನೂ ಹೌದು, ಅಣ್ಣನೂ ಹೌದು, ಜಗಳಕ್ಕೆ ಸಿಗುವ ಜೊತೆಗಾರನೂ ಹೌದು. ಮಾಟುಂಗ ಸ್ಟೇಷನ್ನಿನ ಹತ್ತಿರದ ಚಾಳಿನ ಮೂರನೆಯ ಮಾಳಿಗೆಯಲ್ಲಿ ನಮ್ಮದು ಒಂದೇ ಕೋಣೆಯ ಖೋಲಿ. ಕೆಳಗೆ ಬೀದಿಯಾಚೆ ಹೋಟೆಲು. ಅಪ್ಪ ಅಲ್ಲಿ ಸಾಂಬಾರಿನ ಭಟ್ಟರು, ಮಾವ ದೋಸೆ ಕಾವಲಿಯ ಮುಂದೆ.

ನಾನು ಹೇಳಹೊರಟಿರುವುದು ಸಾವಿರದ ಒಂಬೈನೂರ ಎಪ್ಪತ್ತರ ಮಳೆಗಾಲದಿಂದ ಮರುವರ್ಷದ ವೈಶಾಖದವರೆಗಿನ ಕತೆ. ಆ ಒಂದು ವರ್ಷದಲ್ಲಿ ನನ್ನ ಬಾಯಿಂದ ಮೂರು ಸುಳ್ಳು ಬಂದವು. ಮೂರನ್ನೂ ಎಲ್ಲರೂ ನಂಬಿದರು.

ಮಾವನಿಗೆ ಕ್ಲಾರಿನೆಟ್ ಹಿಡಿಸಿದವರು ಪಾಸ್ಕಲ್ ಮಾಸ್ತರರು. ದಾದರದಲ್ಲಿ ಅವರದೊಂದು ಮದುವೆ ಬ್ಯಾಂಡ್ ಇತ್ತು. ಗೋವಾದ ಮುದುಕ, ಮಧ್ಯಾಹ್ನ ದೋಸೆ ತಿನ್ನಲು ಬರುತ್ತಿದ್ದರು. ಕಾವಲಿಯ ಮುಂದೆ ಮಾವ ಸೀಟಿ ಹಾಕುವುದನ್ನು ಕೇಳಿ, ಇವನಿಗೆ ಉಸಿರು ಇದೆ, ಕಿವಿ ಇದೆ ಎಂದು ತಮ್ಮ ಹಳೆಯ ಕ್ಲಾರಿನೆಟ್ಟನ್ನು ಕೊಟ್ಟರು. ಕಪ್ಪು ಮರದ್ದು, ಒಂದು ಕಡೆ ಸೀಳಿ ದಾರ ಸುತ್ತಿದ್ದು.

ಅದೇ ಪಿಟೀಲಾಗಿದ್ದರೆ ನಮ್ಮ ಮನೆಯಲ್ಲಿ ಏನೂ ಆಗುತ್ತಿರಲಿಲ್ಲ. ಅಪ್ಪ ಸಂಗೀತದ ವೈರಿಯಲ್ಲ. ರಾಮನವಮಿಯ ಕಚೇರಿಗಳಿಗೆ ಕೈ ಒರೆಸುವ ಬೈರಾಸು ಹೆಗಲ ಮೇಲೆ ಹಾಕಿಕೊಂಡೇ ಓಡುತ್ತಿದ್ದವರು. ಆದರೆ ಇದು ಬಾಯಿಗೆ ಇಡುವ ವಾದ್ಯ. ಊರಿನಲ್ಲಿ ಊದುವವರು ದೇವಸ್ಥಾನದ ಹೊರಗಿನ ಅಂಗಳದಲ್ಲಿ ನಿಲ್ಲುತ್ತಿದ್ದರು, ಎಲ್ಲರ ಊಟವಾದ ಮೇಲೆ ಉಣ್ಣುತ್ತಿದ್ದರು. ಅದು ಸರಿಯೇ ಎಂದು ನಾವು ಯಾರೂ ಕೇಳಿದವರಲ್ಲ. ಈಗ ನಮ್ಮವನೇ ಒಬ್ಬ ಎಂಜಲು ಮಾಡಿದ ಕೋಲನ್ನು ಮತ್ತೆ ಮತ್ತೆ ಬಾಯಿಗಿಟ್ಟು, ಅದೇ ಕೈಯಲ್ಲಿ ಹಿಟ್ಟು ಹೊಯ್ಯುವುದೆಂದರೆ! ಅಮ್ಮ ಅವನ ಲೋಟವನ್ನು ಬೇರೆ ಇಟ್ಟಳು. ಕ್ಲಾರಿನೆಟ್ಟಿನ ಪೆಟ್ಟಿಗೆ ಒಳಗೆ ಬರುವಂತಿಲ್ಲ. ಬಾಗಿಲ ಹೊರಗಿನ ಗ್ಯಾಲರಿಯಲ್ಲಿ ಚಪ್ಪಲಿ ಬಿಡುವಲ್ಲಿ ಒಂದು ಹಲಗೆ ಹೊಡೆಸಿ ಅದರ ಮೇಲೆ ಇಡಿಸಿದಳು. ಮಾವ ನಗುತ್ತಲೇ ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದ. "ಅಕ್ಕ, ನಿನ್ನ ತಮ್ಮ ಈಗ ಪೂರ್ತಿ ಶುದ್ಧ. ಅನ್ನ ಹಾಕು" ಅನ್ನುತ್ತಿದ್ದ.

ಹೋಟೆಲಿನಲ್ಲಿ ಮೂರರಿಂದ ನಾಲ್ಕರವರೆಗೆ ಬಿಡುವು. ಆಗ ಅವನು ರೈಲು ಹಳಿಯ ಪಕ್ಕದ ಗೋಡೆಯ ಹತ್ತಿರ ಹೋಗಿ ಅಭ್ಯಾಸ ಮಾಡುತ್ತಿದ್ದ. ಲೋಕಲ್ ಬಂದಾಗ ಜೋರಾಗಿ ಊದುವುದು, ಅದು ಹೋದ ಕೂಡಲೇ ನಿಲ್ಲಿಸುವುದು. ಹೀಗೆ ಚೂರು ಚೂರಾಗಿ ಕಲಿತ. ಮಳೆ ಬಂದರೆ ಮರ ಉಬ್ಬುತ್ತದೆ ಎಂದು ಕೊಡೆ ಹಿಡಿಯಲು ನಾನು ಬೇಕು. ನಾನು ಮೆಟ್ರಿಕ್ ಮುಗಿಸಿ ದಾದರದಲ್ಲಿ ಟೈಪಿಂಗ್ ಕಲಿಯುತ್ತಿದ್ದೆ. ಕ್ಲಾಸಿನಿಂದ ಬಂದವಳೇ ಅಮ್ಮನಿಗೆ ಏನೋ ನೆಪ ಹೇಳಿ ಓಡುತ್ತಿದ್ದೆ. ಕೊಡೆಯ ನೀರು ನನ್ನ ಬೆನ್ನಿಗೆ ಸುರಿಯುತ್ತಿತ್ತು, ಕ್ಲಾರಿನೆಟ್ಟು ಮಾತ್ರ ಒಣಗಿರುತ್ತಿತ್ತು. ಅಷ್ಟು ಖುಷಿಯಾಗಿ ನಾನು ಮತ್ತೆಂದೂ ಒದ್ದೆಯಾಗಿಲ್ಲ.

ಬ್ಯಾಂಡಿನ ಹಾಡುಗಳೆಲ್ಲ ಮುಗಿದ ಮೇಲೆ ಅವನು ಒಂದು ಹಾಡನ್ನು ಹುಡುಕುತ್ತಿದ್ದ. ಮದುಮಗಳನ್ನು ಹಸೆಮಣೆಗೆ ಕರೆಯುವಾಗ ಹೆಂಗಸರು ಹೇಳುವ ಹಾಡು. ಅಜ್ಜಿ ಅದನ್ನು ಹೇಳುವುದರಲ್ಲಿ ಊರಿಗೇ ಹೆಸರಾದವಳು. ಎರಡನೆಯ ಸಾಲಿನ ಕೊನೆಗೆ ಅವಳು ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಗುತ್ತಿದ್ದಳಂತೆ. ಕೋಣೆಯಲ್ಲಿ ಕುಳಿತ ಮದುಮಗಳು ಏಳಬೇಕಾದದ್ದು ಆ ಸುಮ್ಮನಿದ್ದಲ್ಲಿ. ಬೇರೆ ಯಾರು ಹೇಳಿದರೂ ಆ ಬಿಡುವು ಬರುತ್ತಿರಲಿಲ್ಲವಂತೆ. ಮಾವ ಅದನ್ನು ಕ್ಲಾರಿನೆಟ್ಟಿನಲ್ಲಿ ಹಿಡಿದ ದಿನ ನನಗೆ ಚೆನ್ನಾಗಿ ನೆನಪಿದೆ.

"ಇಲ್ಲಿ ಈ ಹಾಡು ಯಾರಿಗೂ ಬರುದಿಲ್ಲ ಸುಮಿ. ನಿನ್ನ ಮದುವೆಗೆ ನಾನೇ ಊದ್ತೇನೆ" ಅಂದ.

"ನೀನು ಸೋದರಮಾವ. ನನ್ನ ಕೈ ಹಿಡ್ಕೊಂಡು ಹಸೆಗೆ ಕರ್ಕೊಂಡು ಹೋಗ್ಬೇಕಾದವ. ಊದುದು ಹೇಗೆ?"

"ಒಂದು ಕೈಯಲ್ಲಿ ನೀನು, ಇನ್ನೊಂದು ಕೈಯಲ್ಲಿ ಇದು."

"ಅದಕ್ಕೆ ಎರಡೂ ಕೈ ಬೇಕು ಮಾರಾಯ."

"ಹೌದಲ್ಲ!" ಎಂದು ಅವನು ಗೋಡೆಗೆ ಒರಗಿ ನಕ್ಕಿದ್ದ. ಆಮೇಲೆ ಯೋಚಿಸಿ, "ಮೊದಲು ಊದುದು, ನೀನು ಎದ್ದ ಕೂಡ್ಲೇ ಓಡಿ ಬಂದು ಕೈ ಹಿಡಿಯುದು" ಎಂದು ತೀರ್ಮಾನ ಮಾಡಿದ.

ಗಣಪತಿ ಹಬ್ಬದ ಮೆರವಣಿಗೆಯಲ್ಲಿ ಅವನು ಪಾಸ್ಕಲ್ ಮಾಸ್ತರರ ಬ್ಯಾಂಡಿನ ಜೊತೆ ಊದುತ್ತ ಸಿಕ್ಕಿಬಿದ್ದ. ಕೆಂಪು ಕೋಟು, ಭುಜದ ಮೇಲೆ ಚಿನ್ನದ ಬಣ್ಣದ ಗೊಂಡೆ, ತಲೆಗೆ ಟೊಪ್ಪಿ. ಹೋಟೆಲಿಗೆ ದಿನಾ ಬರುವ ಗಿರಾಕಿಯೊಬ್ಬರು ನೋಡಿ ಬಂದು ದುಡ್ಡಿನ ಗಲ್ಲೆಯ ಹತ್ತಿರ ನಿಂತು ದೊಡ್ಡ ಸ್ವರದಲ್ಲಿ ತಮಾಷೆ ಮಾಡಿದರು, ಇನ್ನು ನಿಮ್ಮ ದೋಸೆಯ ಜೊತೆ ಬ್ಯಾಂಡೂ ಉಂಟಾ ಎಂದು. ಹೋಟೆಲಿನವರು ಅಪ್ಪನನ್ನು ಕರೆದು ಎರಡು ಮಾತು ಹೇಳಿದರು. ಅಪ್ಪ ಮಾವನಿಗೆ ಒಂದೇ ಮಾತು ಹೇಳಿದರು. "ಕಾವಲಿಯೋ ಆ ಕೋಲೋ, ಒಂದು ಇಟ್ಕೋ."

ಮಾವ ಬಟ್ಟೆ ಗಂಟು ಕಟ್ಟಿ ಗ್ಯಾಲರಿಯಲ್ಲಿ ನಿಂತ. ಎರಡು ಕೈಯಲ್ಲೂ ಸಾಮಾನು ಇದ್ದದ್ದರಿಂದ ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನು ಹಲಗೆಯಿಂದ ತೆಗೆದು ಬಗಲಿಗೆ ಸಿಕ್ಕಿಸು ಎಂದು ನನಗೆ ಕಣ್ಣಲ್ಲೇ ಹೇಳಿದ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಪಕ್ಕದ ಖೋಲಿಗಳವರೆಲ್ಲ ಹೊರಗೆ ಬಂದಿದ್ದರು. ಇಡೀ ಮಳೆಗಾಲ ಅದಕ್ಕೆ ಕೊಡೆ ಹಿಡಿದ ನಾನು ಆವತ್ತು ಎಲ್ಲರೂ ನೋಡುತ್ತಿದ್ದಾರೆಂದು ಒಂದು ಹಳೆಯ ಪೇಪರು ತೆಗೆದುಕೊಂಡು, ಪೆಟ್ಟಿಗೆಗೆ ಸುತ್ತಿ, ಕೈ ತಾಗದ ಹಾಗೆ ಎತ್ತಿ ಕೊಟ್ಟೆ. ಮಾವ ಪೇಪರನ್ನು ನೋಡಿದ, ನನ್ನನ್ನು ನೋಡಿದ. "ಜಾಗ್ರತೆ ಸುಮಿ" ಎಂದು ಮೆಟ್ಟಿಲು ಇಳಿದ.

ದೀಪಾವಳಿ ಕಳೆದು ನನ್ನನ್ನು ನೋಡಲು ಚೆಂಬೂರಿನಿಂದ ಬಂದರು. ಹುಡುಗ ರಿಫೈನರಿಯಲ್ಲಿ ಕೆಲಸ. ಕಾಲೊನಿಯಲ್ಲಿ ಎರಡು ಕೋಣೆಯ ಮನೆ, ಒಳಗೇ ನಲ್ಲಿ. ಈ ಒಳಗಿನ ನಲ್ಲಿಯ ಮಾತನ್ನು ನಾನು ಮುಚ್ಚಿಡುವುದಿಲ್ಲ. ಇಪ್ಪತ್ತು ವರ್ಷ ಚಾಳಿನ ನಲ್ಲಿಯ ಮುಂದೆ ಕೊಡ ಸಾಲಿಟ್ಟವಳಿಗೆ ಅದು ಎಂಥ ಆಸೆ ಎಂದು ಅನುಭವಿಸಿದವರಿಗೇ ಗೊತ್ತು. ಹುಡುಗನ ಮುಖವನ್ನು ಆಮೇಲೆ ನೋಡಿದೆ, ಚೆನ್ನಾಗಿಯೇ ಇತ್ತು.

ಹುಡುಗನ ತಾಯಿ, ಅಂದರೆ ಮುಂದೆ ನನ್ನ ಅತ್ತೆಯಾದವರು, ಕಾಫಿ ಕುಡಿಯುತ್ತ ಕೇಳಿದರು. "ಹುಡುಗಿಗೆ ಸೋದರಮಾವ ಇದ್ದಾರಲ್ಲ? ಎಲ್ಲಿದ್ದಾರೆ? ಹಸೆಗೆ ಕರ್ಕೊಂಡು ಬರ್ಲಿಕ್ಕೆ ಅವರೇ ಬೇಕಲ್ಲ."

ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ನೆಲ ನೋಡಿದಳು. ಬಾಯಿ ತೆರೆದದ್ದು ನಾನು.

"ಮಾವ ಊರಲ್ಲಿದ್ದಾರೆ. ಉಡುಪಿ ಮಠದ ಅಡುಗೆಯಲ್ಲಿ. ಈಗ ಪರ್ಯಾಯ ಅಲ್ವಾ, ಎರಡು ವರ್ಷ ಮಡಿಯಲ್ಲೇ ಇರ್ಬೇಕಂತೆ. ಹೊರಗೆ ಬರ್ಲಿಕ್ಕಿಲ್ಲ."

ಅದು ಮೊದಲನೆಯ ಸುಳ್ಳು. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಬೆರಗಾಯಿತು. ದಾದರದ ಖೋಲಿಯಲ್ಲಿ ರೀಡು ನೆಕ್ಕುತ್ತ ಕುಳಿತವನನ್ನು ನಾನು ಒಂದೇ ಉಸಿರಿನಲ್ಲಿ ಮಡಿ ಉಡಿಸಿ ಮಠದ ಅಡುಗೆಮನೆಗೆ ಸೇರಿಸಿದ್ದೆ. ಅತ್ತೆ ಎರಡೂ ಕೈ ಜೋಡಿಸಿ, "ಎಂಥ ಪುಣ್ಯ! ಅವರ ಕೈಯಿಂದ ಒಂದು ಚೂರು ಪ್ರಸಾದ ತರಿಸಿ ಕೊಡಿ ಆಯ್ತಾ" ಅಂದರು. ಮುಂದಿನ ತಿಂಗಳು ಅಮ್ಮ ಮಾಟುಂಗದ ದೇವಸ್ಥಾನದ ಪ್ರಸಾದವನ್ನೇ ಬಾಳೆಲೆಯಲ್ಲಿ ಕಟ್ಟಿ ಕಳಿಸಿದಳು. ಅತ್ತೆ ಅದನ್ನು ಕಣ್ಣಿಗೆ ಒತ್ತಿಕೊಂಡರಂತೆ. ಸಣ್ಣ ಸುಳ್ಳಿಗೂ ಕಿವಿ ಹಿಂಡುತ್ತಿದ್ದ ಅಪ್ಪ ಆವತ್ತು ಅವರು ಹೋದ ಮೇಲೆ ನನ್ನನ್ನು ನೋಡಿ, "ನಾಲಿಗೆ ಚುರುಕುಂಟು ನಿಂದು" ಎಂದಷ್ಟೇ ಹೇಳಿದರು. ಆ ಮಾತಿನಲ್ಲಿ ಸಮಾಧಾನವಿತ್ತು. ನನಗೆ ಹೆಮ್ಮೆಯೂ ಆಯಿತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಆದರೆ ದಿನ ಕಳೆದ ಹಾಗೆ ಅಪ್ಪನೇ ಮೆತ್ತಗಾದರು. ಕಾವಲಿಗೆ ಬಂದ ಹೊಸಬನ ದೋಸೆ ಏಳುವುದೇ ಇಲ್ಲ ಎಂದು ಊಟಕ್ಕೆ ಕುಳಿತಾಗೆಲ್ಲ ಗೊಣಗುತ್ತಿದ್ದರು. ದೋಸೆಯ ಮಾತು ಅಲ್ಲವೆಂದು ಅಮ್ಮನಿಗೂ ಗೊತ್ತು, ನನಗೂ ಗೊತ್ತು. ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ ಅಪ್ಪ ಒಂದು ಕಾಗದ ತೆಗೆದು, ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ಹಿಂದೆ ಎರಡು ಸಾಲು ಬರೆದು, ಲಕೋಟೆಗೆ ಹಾಕಿ ನನ್ನ ಕೈಗೆ ಕೊಟ್ಟರು.

"ಟೈಪಿಂಗಿಗೆ ಹೋಗುವಾಗ ಪದ್ದುಗೆ ಕೊಟ್ಟು ಬಾ. ದಾದರದಲ್ಲಿ ಆ ಮಾಸ್ತರನ ಖೋಲಿಯಲ್ಲೇ ಇದ್ದಾನಂತಲ್ಲ. ನಾನು ಹೋದ್ರೆ ಅವನಿಗೂ ಕಷ್ಟ, ನನಗೂ ಕಷ್ಟ."

"ಚೆಂಬೂರಿನವರು ಕೇಳಿದ್ರೆ?" ಅಂದೆ.

"ಮಠದಿಂದ ರಜೆ ಸಿಕ್ಕಿತು ಅಂತ ಹೇಳುವ. ಇಲ್ಲದಿದ್ರೆ ನಿಜ ಹೇಳುವ. ಎಷ್ಟು ದಿನ ಅಂತ ಮುಚ್ಚಿಡುದು?"

ನಾನು ಲಕೋಟೆಯನ್ನು ಲೋಕಲ್‌ನಲ್ಲಿ ತೆರೆದು ಓದಿದೆ. ಅಪ್ಪನ ಎರಡು ಸಾಲನ್ನೂ ಓದಿದೆ. ಮಾಟುಂಗದಿಂದ ದಾದರಕ್ಕೆ ಒಂದೇ ಸ್ಟೇಷನ್ನು. ಅಷ್ಟರಲ್ಲೇ ನನಗೆ ಹೆದರಿಕೆ ಹುಟ್ಟಿತ್ತು. ಮಾವ ಬಂದರೆ ಅತ್ತೆ ಬಿಡುತ್ತಾರೆಯೇ? ಮಠದ ಸುದ್ದಿ ಕೇಳುತ್ತಾರೆ, ಮಡಿಯ ಸುದ್ದಿ ಕೇಳುತ್ತಾರೆ. ಅವನಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಹೇಳಿದರೂ ಅವನ ಕೆಳತುಟಿಯ ಒಳಗೆ ರೀಡು ಒತ್ತಿ ಆದ ಗುರುತು ನೋಡಿ ಗೊತ್ತಾಗುತ್ತದೆ. ಆಗ ಸುಳ್ಳುಗಾತಿ ಎಂದು ಸಿಕ್ಕಿಬೀಳುವವಳು ನಾನು, ಅಪ್ಪ ಅಲ್ಲ.

ಬ್ಯಾಂಡಿನ ಖೋಲಿ ಒಂದು ಹಳೆಯ ಕಟ್ಟಡದ ಹಿಂದಿತ್ತು. ಹಗ್ಗದ ಮೇಲೆ ಕೆಂಪು ಕೋಟುಗಳು ಸಾಲಾಗಿ ಒಣಗುತ್ತಿದ್ದವು. ಮಾವ ಬನಿಯನ್ನಿನಲ್ಲಿ ಕುಳಿತು ಕೋಟಿನ ಗುಂಡಿಗಳನ್ನು ಉಜ್ಜುತ್ತಿದ್ದ. ನನ್ನನ್ನು ಕಂಡವನೇ ಒಳಗೆ ಓಡಿಹೋಗಿ ಒಂದು ಕಟ್ಟು ತಂದ. ನನ್ನ ಮದುವೆ ಗೊತ್ತಾದ ಸುದ್ದಿ ಹೇಗೋ ಅವನಿಗೆ ಮುಟ್ಟಿತ್ತು.

"ಸೋದರಮಾವನ ಸೀರೆ. ಧಾರೆಗೆ ಇದನ್ನೇ ಉಡ್ಬೇಕು ಆಯ್ತಾ. ಹಸಿರು ನಿನಗೆ ಒಪ್ತದೆ. ಅಕ್ಕನತ್ರ ಹೇಳು, ಕೈ ಬಾಯಿ ಎರಡೂ ತೊಳೆದೇ ಮುಟ್ಟಿದ್ದು ಅಂತ."

ಅವನು ತಮಾಷೆಗೆ ಹೇಳಿದ್ದ. ನನಗೆ ನಗು ಬರಲಿಲ್ಲ. ಲಕೋಟೆ ಟೈಪಿಂಗ್ ಪುಸ್ತಕದೊಳಗಿತ್ತು, ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದೆ.

"ಮಾವ, ಮದುವೆಗೆ ನೀನು ಬರ್ಬೇಡ" ಅಂದೆ.

"ಭಾವ ಹೇಳಿದ್ದಾ?" ಎಂದು ಕೇಳಿದ.

ಅಲ್ಲ ಎನ್ನಬಹುದಿತ್ತು. ಪುಸ್ತಕ ತೆರೆದು ಕಾಗದ ಕೊಡಬಹುದಿತ್ತು. "ಹೌದು. ಅಪ್ಪನೇ ಹೇಳಿ ಕಳಿಸಿದ್ದು" ಅಂದೆ. ಎರಡನೆಯ ಸುಳ್ಳು.

"ಸರಿ ಮಾರಾಯ್ತಿ. ಬರುದಿಲ್ಲ. ಭಾವನಿಗೆ ಹೇಳು, ಪದ್ದು ಮಾತು ಕೊಟ್ಟಿದ್ದಾನೆ ಅಂತ." ಎಂದು, ಯಾವ ದಿನ ಎಂದು ಕೂಡ ಕೇಳದೆ ಗುಂಡಿ ಉಜ್ಜಲು ಕುಳಿತ. ನಾನು ಸೀರೆಯ ಕಟ್ಟು ಹಿಡಿದು ಬಂದೆ. ಮನೆಯಲ್ಲಿ ಅಪ್ಪ ಕೇಳಿದರು. "ಕೊಟ್ಟೆ. ಸೀರೆ ಕೊಟ್ಟಿದ್ದಾನೆ. ಬರ್ತೇನೆ ಅಂತ್ಲೂ ಹೇಳ್ಲಿಲ್ಲ, ಬರುದಿಲ್ಲ ಅಂತ್ಲೂ ಹೇಳ್ಲಿಲ್ಲ" ಅಂದೆ. ಅದು ಎರಡನೆಯ ಸುಳ್ಳಿನದೇ ಬಾಲ. ಅಪ್ಪ ಸೀರೆಯನ್ನು ಮುಟ್ಟಿ ನೋಡಿ, "ಬರ್ತಾನೆ, ಬರ್ತಾನೆ" ಅಂದರು.

ವೈಶಾಖದ ಆ ದಿನ ದೊಡ್ಡ ಮುಹೂರ್ತ. ಮಾಟುಂಗದಲ್ಲಿ ಯಾವ ಹಾಲೂ ಖಾಲಿ ಇರಲಿಲ್ಲ. ಸೆಖೆಯಲ್ಲಿ ಮಲ್ಲಿಗೆ ಬೆಳಿಗ್ಗೆಯೇ ಬಾಡಿತ್ತು. ಗಂಡಿನ ಕಡೆಯವರು ದಿಬ್ಬಣಕ್ಕೆ ಬ್ಯಾಂಡ್ ತರುತ್ತಾರೆಂದು ಗೊತ್ತಿತ್ತು, ಯಾವ ಬ್ಯಾಂಡೆಂದು ಕೇಳುವ ಬುದ್ಧಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬೊಂಬಾಯಿಯಲ್ಲಿ ಎಷ್ಟೊಂದು ಬ್ಯಾಂಡುಗಳು! ನಾನು ಹಸಿರು ಸೀರೆ ಉಟ್ಟು ಮದುಮಗಳ ಕೋಣೆಯಲ್ಲಿ ಕುಳಿತಿದ್ದೆ. ಹೊರಗೆ ಸಿನಿಮಾದ ಹಾಡು ಗೇಟಿನವರೆಗೆ ಬಂದು ನಿಂತಿತು. ಕ್ಲಾರಿನೆಟ್ಟಿನ ಸ್ವರ ಕೇಳಿ ಕಿವಿ ನಿಮಿರಿತು, ಆದರೆ ಎಲ್ಲ ಬ್ಯಾಂಡಿನಲ್ಲೂ ಒಬ್ಬ ಕ್ಲಾರಿನೆಟ್ಟಿನವ ಇರುತ್ತಾನೆ ಎಂದುಕೊಂಡೆ.

ಆಮೇಲೆ ಗಲಿಬಿಲಿ ಶುರುವಾಯಿತು. ಓಲಗದವರು ಇನ್ನೊಂದು ಮದುವೆಯಲ್ಲಿ ಸಿಕ್ಕಿಕೊಂಡು ಬಂದೇ ಇಲ್ಲ. ಮುಹೂರ್ತ ಹತ್ತಿರ ಬಂತು, ಗಟ್ಟಿಮೇಳ ಇಲ್ಲದೆ ಧಾರೆ ಹೇಗೆ? ಗಂಡಿನ ತಂದೆ ಬ್ಯಾಂಡಿನವರನ್ನೇ ಒಳಗೆ ಕರೆದು ಮಂಟಪದ ಪಕ್ಕ ನಿಲ್ಲಿಸಿದರು. ಹೆಣ್ಣು ಬರುವಾಗ ಏನಾದರೂ ಮಂಗಳಕರವಾಗಿ ಬಾರಿಸಿ ಎಂದರು. ಬಾಗಿಲಿನಾಚೆ ಪಾಸ್ಕಲ್ ಮಾಸ್ತರರ ಗೊಗ್ಗರು ಸ್ವರ ಕೇಳಿತು. "ಏ ಭಟ್, ತೇರೇ ಲೋಗೋಂ ಕಾ ಕುಛ್ ಆತಾ ಹೈ ಕ್ಯಾ?" ನಿಮ್ಮವರದ್ದು ಏನಾದರೂ ಬರುತ್ತದೆಯೇ ಎಂದು ಕೇಳುತ್ತಿದ್ದರು. ಭಟ್ ಎಂದು ಅವರು ಕರೆಯುತ್ತಿದ್ದದ್ದು ಒಬ್ಬನನ್ನೇ.

ಕ್ಲಾರಿನೆಟ್ ಒಂದೇ ಎದ್ದಿತು. ಅಜ್ಜಿಯ ಹಸೆಯ ಹಾಡು.

ಆರತಿ ತಟ್ಟೆ ಹಿಡಿದು ಬಾಗಿಲಲ್ಲಿದ್ದ ಅಮ್ಮ ಮಂಟಪದ ಕಡೆ ಕತ್ತು ಚಾಚಿದಳು. ಹಾಡು ಎರಡನೆಯ ಸಾಲಿಗೆ ಬಂತು, ಸಾಲಿನ ಕೊನೆಗೆ ಬಂತು, ಅಲ್ಲಿ ಸುಮ್ಮನಾಯಿತು. ಏಳು ಎಂದು ಯಾರೂ ಹೇಳಲಿಲ್ಲ. ನನ್ನ ಕಾಲುಗಳೇ ಎದ್ದು ನಿಂತವು. ಅಮ್ಮನ ದೊಡ್ಡಪ್ಪನ ಮಗ, ಘಾಟ್ಕೋಪರಿನಿಂದ ಬಂದಿದ್ದ ಒಬ್ಬರು ಸೋದರಮಾವನ ಸ್ಥಾನದಲ್ಲಿ ನನ್ನ ಕೈ ಹಿಡಿದರು. ಅವರ ಕೈ ಬೆವರಿತ್ತು. ಅದಕ್ಕಿಂತ ಮೊದಲು ನಾನು ಅವರನ್ನು ಎರಡು ಸಲ ನೋಡಿದ್ದೆನೋ ಏನೋ.

ಮಂಟಪದ ಹತ್ತಿರ ಬಂದಾಗ ನಾನು ಅವನ ಮುಂದಿನಿಂದಲೇ ದಾಟಬೇಕಾಯಿತು. ಕೆಂಪು ಕೋಟು, ಟೊಪ್ಪಿಯ ಕೆಳಗೆ ಬೆವರು, ಉಬ್ಬಿದ ಕೆನ್ನೆ. ಅವನು ನನ್ನ ಮುಖ ನೋಡಲಿಲ್ಲ, ಸೀರೆ ನೋಡಿದ. ಎರಡೂ ಕೈ ಕ್ಲಾರಿನೆಟ್ಟಿನ ಮೇಲಿದ್ದವು. ಸ್ವರ ಎಲ್ಲೂ ತಪ್ಪಲಿಲ್ಲ.

ಅತ್ತೆ ನನ್ನ ಪಕ್ಕಕ್ಕೆ ಬಂದು ಮಲ್ಲಿಗೆ ಸರಿಮಾಡುತ್ತ ಬೆರಗಿನಿಂದ ಕೇಳಿದರು. "ಅಲ್ಲ, ಈ ಬ್ಯಾಂಡಿನವನಿಗೆ ನಮ್ಮ ಹಸೆಯ ಹಾಡು ಹೇಗೆ ಬರ್ತದೆ ಮಾರಾಯ್ತಿ? ನಿಮಗೆ ಗುರ್ತದವನಾ?"

"ಇಲ್ಲಪ್ಪ" ಅಂದೆ. "ಎಲ್ಲಿಯಾದ್ರೂ ಕೇಳಿರ್ಬಹುದು. ಅವರಿಗೆ ಎಲ್ಲಾ ಹಾಡೂ ಬರ್ತದೆ."

ಅದು ಮೂರನೆಯದು. ನಾಲ್ಕು ಮೊಳ ದೂರದಲ್ಲಿ ನಿಂತವನಿಗೆ ಅದು ಕೇಳಿಸದೆ ಇರಲು ಸಾಧ್ಯವಿಲ್ಲ.

ಧಾರೆಯ ನೀರು ಹೊಯ್ಯುವಾಗ ಅಪ್ಪ ಅರ್ಧ ನೀರನ್ನು ನೆಲಕ್ಕೇ ಚೆಲ್ಲಿದರು. ಎಲ್ಲರೂ ಮಗಳನ್ನು ಕೊಡುವ ದುಃಖ ಅಂದುಕೊಂಡರು. ಅಪ್ಪ ಅಮ್ಮನ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. "ಅರಿಸಿನ ಹಚ್ಚಿ ಕಾಗದ ಕಳಿಸಿದ್ರೆ ಈ ವೇಷದಲ್ಲಿ ಬರುದಾ? ಮದುವೆ ಮನೆಯಲ್ಲಿ ನನ್ನ ಮರ್ಯಾದೆ ತೆಗೀಲಿಕ್ಕೆ?" ನಾನು ತಲೆ ತಗ್ಗಿಸಿ ಕುಳಿತಿದ್ದೆ. ಮದುಮಗಳು ತಲೆ ತಗ್ಗಿಸಿದರೆ ಯಾರೂ ಕಾರಣ ಕೇಳುವುದಿಲ್ಲ.

ಊಟವಾದ ಮೇಲೆ ಬ್ಯಾಂಡಿನವರಿಗೆ ತಾಂಬೂಲ ಕೊಡುವ ಕ್ರಮ. ಹಿಂದಿನ ಬಾಗಿಲಿನ ಹತ್ತಿರ ಅವರು ಸಾಲಾಗಿ ನಿಂತಿದ್ದರು. ಅಮ್ಮ ಎಲ್ಲರಿಗೂ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಯನ್ನು ಕೈ ತಾಗದ ಹಾಗೆ ಮೇಲಿನಿಂದ ಹಾಕುತ್ತ ಬಂದಳು. ಮಾವನ ಸರದಿ ಬಂದಾಗ ಹಾಗೆ ಹಾಕಲಿಲ್ಲ. ಅವನ ಎರಡೂ ಅಂಗೈಯನ್ನು ತನ್ನ ಕೈಯೊಳಗೆ ಹಿಡಿದು ತಾಂಬೂಲ ಇಟ್ಟಳು, ಬಿಡದೆ ಹಾಗೇ ಹಿಡಿದು ನಿಂತಳು. ಅತ್ತೆಯ ಕಡೆಯ ಹೆಂಗಸರು ನೋಡುತ್ತಿದ್ದರು. ಅಮ್ಮನಿಗೆ ಅದರ ಪರಿವೆ ಇರಲಿಲ್ಲ. ಅವನ ಲೋಟ ಬೇರೆ ಇಟ್ಟವಳು ಅವಳೇ. ಆದರೆ ಆವತ್ತು ಅವಳಿಗಿದ್ದ ಧೈರ್ಯ ಕೊಡೆ ಹಿಡಿದವಳಿಗೆ ಇರಲಿಲ್ಲ. ಸೋದರಮಾವನ ಕಾಲಿಗೆ ಬೀಳಬೇಕಾದ ಮದುಮಗಳು ನಾನು, ಅಮ್ಮನ ಹಿಂದೆ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೆ.

ಅವನೇ ಒಂದು ಹೆಜ್ಜೆ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದ. "ನಾನು ಬರ್ಲಿಲ್ಲ ಸುಮಿ. ಬ್ಯಾಂಡ್ ಬಂದದ್ದು. ಗೇಟಿನಲ್ಲಿ ಬೋರ್ಡ್ ನೋಡಿದ ಮೇಲೆಯೇ ಗೊತ್ತಾದ್ದು. ಮಾತು ತಪ್ಪಿದ್ದಲ್ಲ ಅಂತ ಭಾವನಿಗೆ ಹೇಳು, ಆಯ್ತಾ?"

ನಾನು ತಲೆ ಆಡಿಸಿದೆ. ಹೇಳಲಿಲ್ಲ. ಮರುದಿನ ಅಪ್ಪ ಇನ್ನು ಅವನ ಹೆಸರು ಈ ಮನೆಯಲ್ಲಿ ಬೇಡ ಎಂದರಂತೆ. ನಾನು ಚೆಂಬೂರಿನಲ್ಲಿ ಒಳಗಿನ ನಲ್ಲಿ ತಿರುಗಿಸುತ್ತ ಸಂಸಾರ ಹೂಡಿದೆ.

ಐದಾರು ವರ್ಷದ ಮೇಲೆ ಒಮ್ಮೆ ದಾದರಕ್ಕೆ ಹೋಗಿ ಹುಡುಕಿದೆ. ಪಾಸ್ಕಲ್ ಮಾಸ್ತರರ ಖೋಲಿಯಲ್ಲಿ ಒಬ್ಬ ದರ್ಜಿ ಕುಳಿತಿದ್ದ. ಮಾಸ್ತರರು ತೀರಿಹೋದರು, ಬ್ಯಾಂಡಿನವರು ಚದರಿದರು, ಆ ಭಟ್ ನಾಗಪುರದ ಕಡೆಯ ಯಾವುದೋ ಬ್ಯಾಂಡ್ ಪಾರ್ಟಿಗೆ ಸೇರಿದ ಎಂದು ಹೇಳಿದ. ಅಷ್ಟೇ ಸುದ್ದಿ. ಅಪ್ಪ ಸಾಯುವವರೆಗೂ ತಾನು ಕರೆದರೂ ಪದ್ದು ಹಾಗೆ ಮಾಡಿದನಲ್ಲ ಎಂದೇ ಇದ್ದರು. ಮಾವ ಎಲ್ಲಿದ್ದರೂ ಭಾವ ನನ್ನನ್ನು ಬರಬೇಡ ಅಂದರಲ್ಲ ಎಂದೇ ಇದ್ದಿರಬೇಕು. ಒಬ್ಬರನ್ನೊಬ್ಬರು ಕಳೆದುಕೊಂಡ ಆ ಇಬ್ಬರ ನಡುವೆ ಬಾಯಿ ಮುಚ್ಚಿ ಕುಳಿತವಳು ನಾನು. ಧಾರೆಗೆ ಅವನ ಸೀರೆಯನ್ನೇ ಉಟ್ಟೆನಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಅದು ನಾಚಿಕೆಯಿಲ್ಲದ ಸಮಾಧಾನ.

ಚಳಿಗಾಲದ ಆ ಕಚೇರಿಯಲ್ಲಿ ಹುಡುಗ ಕೊನೆಗೆ ಮೈಕು ಹಿಡಿದು, "ಅಮ್ಮ, ನಿಮಗೆ ಯಾವುದಾದರೂ ಬೇಕಾ? ಹೇಳಿ, ನುಡಿಸ್ತೇನೆ" ಎಂದು ನನ್ನನ್ನೇ ಕೇಳಿದ. ನಾನು ಯೋಚಿಸದೆ ಆ ಹಸೆಯ ಹಾಡು ಗುನುಗಿದೆ. ಒಂದೇ ಸಲಕ್ಕೆ ಹಿಡಿದ. ಆದರೆ ಎರಡನೆಯ ಸಾಲಿನಿಂದ ಮೂರನೆಯದಕ್ಕೆ ನೇರ ಹೋಗಿಬಿಟ್ಟ. "ಅಲ್ಲಿ ನಿಲ್ಲಿಸ್ಬೇಕು ಮಗಾ, ಒಂದು ಉಸಿರು" ಅಂದೆ. ನಿಲ್ಲಿಸಿ ನುಡಿಸಿದ. ಸಭೆಯಲ್ಲಿ ಚಪ್ಪಾಳೆ. ಹುಡುಗ ಬೆರಗಾಗಿ ಕೇಳಿದ. "ಈ ನಿಲ್ಲಿಸುದು ನಾನು ಎಲ್ಲೂ ಕೇಳ್ಲಿಲ್ಲ ಅಮ್ಮ. ನಿಮಗೆ ಯಾರು ಕಲಿಸಿದ್ದು?"

ಅತ್ತೆ ಇಲ್ಲ, ಅಪ್ಪ ಇಲ್ಲ, ನನ್ನ ಗಂಡನೂ ಇಲ್ಲ. ಹೆದರಬೇಕಾದವರು ಯಾರೂ ಉಳಿದಿಲ್ಲ. ನನ್ನ ಪಕ್ಕದ ಕುರ್ಚಿಗಳಲ್ಲಿ ಮಗ, ಸೊಸೆ, ಮೊಮ್ಮಗಳು ಕುಳಿತಿದ್ದರು. ನಾನು ಅವನು ಚಾಚಿದ ಮೈಕಿನಲ್ಲಿ, "ನಮ್ಮ ಊರ ಕಡೆ ಹಾಗೆ ಹೇಳ್ತಾರೆ" ಅಂದುಬಿಟ್ಟೆ.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಆ ಲಗ್ನಪತ್ರಿಕೆ ಇನ್ನೂ ನನ್ನ ಹತ್ತಿರ ಇದೆ, ಹಸಿರು ಸೀರೆಯ ಮಡಿಕೆಯೊಳಗೆ. ಮೂಲೆಗಳ ಅರಿಸಿನ ಕಂದುಬಣ್ಣಕ್ಕೆ ತಿರುಗಿದೆ. ಹಿಂದೆ ಅಪ್ಪ ಪೆನ್ಸಿಲಿನಲ್ಲಿ ಬರೆದ ಎರಡು ಸಾಲು ಇಂದಿಗೂ ಓದಲು ಬರುತ್ತವೆ.

"ಪದ್ದು, ಕೋಪ ಬಿಡು. ನಿನ್ನ ಕ್ಲಾರಿನೆಟ್ಟನ್ನೂ ತಾ, ಸುಮಿಯ ಕೈಯನ್ನು ಮಾತ್ರ ನೀನೇ ಹಿಡಿಯಬೇಕು."